ಸ್ಟೀಲ್ ಲೋಟದ ಬಣ್ಣ

ಬೆಳಿಗ್ಗೆಯಿಂದ ಒಂದು ಸ್ಟೀಲ್ ಲೋಟ ಮುಂದೆ ಇಟ್ಕೊಂಡು ಕೂತಿದೀನಿ. ಆಯಿಲ್ ಪೇಂಟಿಂಗು, ಸಣ್ಣ ಕ್ಯಾನ್ವಾಸು. ಪಕ್ಕದಲ್ಲಿ ಎರಡು ಈರುಳ್ಳಿ, ಅಷ್ಟೇ.

ಸ್ಟೀಲ್‌ಗೆ ತನ್ನದು ಅಂತ ಬಣ್ಣಾನೇ ಇಲ್ಲ ಕಣ್ರೀ. ಒಂದು ಕಡೆ ಕಿಟಕಿ ಉದ್ದಕ್ಕೆ ಬಿಳಿ ಗೆರೆ ಆಗಿದೆ, ಕೆಳಗೆ ಈರುಳ್ಳಿ ನೇರಳೆ, ಮಧ್ಯದಲ್ಲಿ ಕಪ್ಪಗೆ ಕಡ್ಡಿ ಥರ ನಾನು. ಸಿಲ್ವರ್ ಟ್ಯೂಬ್ ಮುಟ್ಲೇ ಇಲ್ಲ, ಅಲ್ಟ್ರಾಮರೀನ್ ಬ್ಲೂಗೆ ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಸೇರಿಸಿದ್ರೆ ಒಳ್ಳೇ ಬೂದು ಬರುತ್ತೆ, ಮೇಲೆ ಒಂಚೂರು ಟೈಟಾನಿಯಂ ವೈಟ್ ಇಟ್ಟ ತಕ್ಷಣ ಲೋಟ ಹೊಳೆಯೋಕೆ ಶುರು.

ಆಮೇಲೆ ಕಂಡಿದ್ದು, ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿರೋ ಅಜ್ಜಿ ಹೆಸರು. ಪಾತ್ರೆ ಅಂಗಡೀಲಿ ಹೆಸರು ಹಾಕಿಸ್ತಿದ್ರಲ್ಲ, ಅದು. ಕೊನೇ 'ಮ್ಮ' ಅರ್ಧ ಸವೆದಿದೆ, ತೆಂಗಿನ ನಾರಲ್ಲಿ ಉಜ್ಜಿ ಉಜ್ಜಿ. ಇಷ್ಟು ವರ್ಷ ಇದ್ರಲ್ಲೇ ಕಾಫಿ ಕುಡಿದಿದೀನಿ, ಒಂದ್ಸಲಾನೂ ಓದಿರ್ಲಿಲ್ಲ. ಕಲಾವಿದ ಸುಬೋಧ್ ಗುಪ್ತಾ ಅವರು ಅಡುಗೆಮನೆ ಸ್ಟೀಲ್ ಪಾತ್ರೆಗಳನ್ನೇ ದೊಡ್ಡ ಕ್ಯಾನ್ವಾಸ್ ಮೇಲೆ ಆಯಿಲ್‌ನಲ್ಲಿ ಬರೆದಿದಾರಲ್ಲ, ಅವುಗಳ ಮುಂದೆ ಇನ್ನೊಂದ್ಸಲ ನಿಂತ್ಕೋಬೇಕು ಅನ್ನಿಸ್ತಿದೆ.

ಚುಕ್ಕಿಗಳನ್ನ ಇವತ್ತೇ ಇಡೋಕಾಗಲ್ಲ. ಎಣ್ಣೆ ಬಣ್ಣ ನೀರಿನ ಥರ ಆವಿಯಾಗಿ ಒಣಗೋದಲ್ಲ, ಅದ್ರಲ್ಲಿರೋ ಅಗಸೆ ಎಣ್ಣೆ ಗಾಳೀಲಿರೋ ಆಕ್ಸಿಜನ್ ಹೀರ್ಕೊಂಡು ನಿಧಾನಕ್ಕೆ ಗಟ್ಟಿ ಆಗ್ಬೇಕು, ಕೆಳಗಿನ ಬೂದು ಒಣಗೋಕೆ ಕೆಲವು ದಿನ ಬೇಕು.

"ಲೋಟ ಕೊಡೋ, ಕಾಫಿ ಆರ್ತಿದೆ" ಅಂದ್ಲು ಅಮ್ಮ. ಬೇರೇದ್ರಲ್ಲಿ ಕೊಡಮ್ಮ, ಇದನ್ನ ಅಲ್ಲಾಡಿಸ್ಬೇಡ ಅಂದೆ. ಹತ್ರ ಬಂದು ಬಗ್ಗಿ ನೋಡಿದ್ಲು, ಲೋಟ ಅಲ್ಲ, ಆ ಹೆಸರು.