ಮಂಡಗದ್ದೆ ತಿರುವು, ನಾಲ್ಕು ಹೊಸ ಟೈರು

ಈ ಸಲ ಟೈರು ಮೇ ಕೊನೆಯಲ್ಲೇ ಹಾಕಿಸಿದೆ. ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದಿತ್ತು, ಅಷ್ಟೆ. "ಇನ್ನೂ ಒಂದು ತಿಂಗಳು ಓಡ್ತಿತ್ತಲ್ಲ ಮಾರಾಯ್ತಿ" ಅಂದರು ನಮ್ಮನೆಯವರು. ನಮ್ಮ ಕಡೆ ಎಲ್ಲರ ಲೆಕ್ಕವೂ ಇದೇ. ಸೌದೆ ಒಳಗೆ ಹಾಕೋದು, ಹೆಂಚು ಕೈಯಾಡಿಸೋದು, ತೋಟಕ್ಕೆ ಮೈಲುತುತ್ತ ತಂದಿಡೋದು ಎಲ್ಲ ಮಳೆಗೆ ಮೊದಲೇ. ಟೈರು ಮಾತ್ರ ಗಾಡಿ ಒಂದು ಸಲ ಜಾರಿದ ಮೇಲೆ ನೆನಪಾಗುತ್ತದೆ.

ನನಗೆ ಬುದ್ಧಿ ಬಂದಿದ್ದು ಆರು ವರ್ಷದ ಹಿಂದೆ, ಹಳೇ ಆಲ್ಟೊ ಇದ್ದಾಗ. ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳುವ ಎಬಿಎಸ್ ಅದಕ್ಕೆ ಇರಲಿಲ್ಲ. ಜುಲೈ ತಿಂಗಳು. ಶಿವಮೊಗ್ಗದಲ್ಲಿ ನಾಲ್ಕೂ ಟೈರು ಹೊಸದು ಹಾಕಿಸಿಕೊಂಡು ಅದೇ ಸಂಜೆ ತೀರ್ಥಹಳ್ಳಿಗೆ ಹೊರಟೆ. ಸಕ್ರೆಬೈಲು ದಾಟುವಾಗ ಮಳೆ ಹಿಡಿಯಿತು. ಹೊಸ ಟೈರಿದೆ ಅಂತ ನಾನು ಧೈರ್ಯವಾಗಿ ಹೋಗುತ್ತಿದ್ದೆ. ಮಂಡಗದ್ದೆ ಹತ್ತಿರ ಬಲಕ್ಕೊಂದು ತಿರುವು. ಎದುರಿಗೆ ಬಸ್ಸು ಬಂತು, ಬ್ರೇಕ್ ಒತ್ತಿದೆ. ಸ್ಟೇರಿಂಗ್ ಬಲಕ್ಕೆ ತಿರುಗಿದೆ, ಕಾರು ನೆಟ್ಟಗೆ ಹೋಗುತ್ತಿದೆ! ಶಬ್ದವೇ ಇಲ್ಲ. ಎಡಗಡೆ ಮುಂದಿನ ಚಕ್ರ ಚರಂಡಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಟ್ರ್ಯಾಕ್ಟರಿನವರೊಬ್ಬರು ಹಗ್ಗ ಕಟ್ಟಿ ಎಳೆದು ಕೊಟ್ಟರು. ಟೈರು ನೋಡಿ, "ಹೊಸತಲ್ವಾ ಅಕ್ಕ, ಅದಕ್ಕೇ ಜಾರಿದ್ದು" ಅಂದರು. ನನಗೆ ಸಿಟ್ಟು ಬಂತು. ಹೊಸ ಟೈರು ಜಾರುತ್ತಾ ಎಲ್ಲಾದರೂ? ಅವರು ನನ್ನ ಕೈ ಹಿಡಿದು ಇಡಿಸುವುದೊಂದು ಬಾಕಿ: "ಮುಟ್ಟಿ ನೋಡಿ." ಮುಟ್ಟಿದೆ. ಮೇಣ ಸವರಿದ ಹಾಗೆ ನುಣುಪು. ಪಕ್ಕದಲ್ಲಿ ಸಣ್ಣ ಸಣ್ಣ ರಬ್ಬರ್ ಕೂದಲು ಇನ್ನೂ ಹಾಗೇ ನಿಂತಿದ್ದವು.

ಆಮೇಲೆ ಕೇಳಿ ಓದಿ ತಿಳಿದುಕೊಂಡೆ. ಟೈರನ್ನು ಬೇಯಿಸುವುದು ಅಚ್ಚಿನಲ್ಲಿ. ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತೇವಲ್ಲ, ಹಾಗೆ ಅಚ್ಚಿಗೂ ಅಂಟದ ಹಾಗೆ ಏನಾದರೂ ಸವರಿರುತ್ತಾರೆ. ಅದರ ಪಸೆ ಟೈರಿನ ಮೇಲೆ ಉಳಿದಿರುತ್ತದೆ. ಮೇಲ್ಮೈಯೂ ಅಚ್ಚಿನಷ್ಟೇ ನುಣುಪು. ರಸ್ತೆಗೆ ಉಜ್ಜಿ ಉಜ್ಜಿ ಆ ಪದರ ಹೋಗಿ ರಬ್ಬರ್ ಸ್ವಲ್ಪ ಒರಟಾದ ಮೇಲೇ ಪೂರ್ತಿ ಹಿಡಿತ. ಹೊಸ ದೋಸೆ ಕಾವಲಿ ಪಳಗಿಸಿದ ಹಾಗೆ ಅಂತ ಅಕ್ಕನಿಗೆ ಹೇಳುತ್ತಿದ್ದೆ. ಅವಳು ನಕ್ಕಳು. "ಉಲ್ಟಾ ಕಣೇ. ಕಾವಲಿಗೆ ಎಣ್ಣೆ ಕುಡಿಸಬೇಕು, ನಿನ್ನ ಟೈರಿಗೆ ಬಿಡಿಸಬೇಕು." ಸರಿ, ಒಪ್ಪಿದೆ.

ಇನ್ನೊಂದು ವಿಷಯ ಟೈರಿನ ಮೈಮೇಲೆ ಉದ್ದಕ್ಕೂ ಇರುವ ಗುಂಡಿಯ ಆಳ. ಸವೆದ ಟೈರಲ್ಲಿ 2 ಮಿ.ಮೀ. ಉಳಿದಿದ್ದರೆ ಹೊಸದರಲ್ಲಿ ಏಳೆಂಟು ಮಿ.ಮೀ. ಇರುತ್ತದೆ. ಅಷ್ಟೆತ್ತರದ ರಬ್ಬರ್ ಕಟ್ಟೆಗಳು ತಿರುವಿನಲ್ಲಿ ಸ್ವಲ್ಪ ಬಳುಕುತ್ತವೆ. ಮೊದಲ ದಿನ ಗಾಡಿ ತೇಲಿದ ಹಾಗೆ ಅನ್ನಿಸುವುದು ಅದಕ್ಕೂ ಹೌದು. ಗಾಬರಿ ಬೇಡ. ನೀರು ಹೊರಗೆ ತಳ್ಳುವುದಕ್ಕೆ ಆ ಆಳ ಬೇಕೇ ಬೇಕು. 1.6 ಮಿ.ಮೀ.ಗೆ ಇಳಿದರೆ ಕಾನೂನು ಪ್ರಕಾರವೂ ಟೈರು ಮುಗಿದ ಹಾಗೆ. ಗುಂಡಿಯ ನಡುವೆ ಸಣ್ಣ ದಿಣ್ಣೆಗಳಿರುತ್ತವೆ, ಅದರ ಮಟ್ಟಕ್ಕೆ ಸವೆದಿದೆಯಾ ಅಂತ ಬೆರಳಲ್ಲೇ ಗೊತ್ತಾಗುತ್ತದೆ.

ಈ ಸಲ ಅಂಗಡಿಯಲ್ಲಿ ಎರಡು ಗಂಟೆ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲು ನೋಡಿದ್ದು ಟೈರು ತಯಾರಾದ ತಾರೀಕು. ಅದು ನಾಲ್ಕು ಅಂಕಿ: ಮೊದಲೆರಡು ವಾರ, ಕೊನೆಯೆರಡು ವರ್ಷ. 0925 ಅಂದರೆ 2025ರ ಒಂಬತ್ತನೇ ವಾರ. ಟೈರಿನ ಒಂದೇ ಮಗ್ಗುಲಲ್ಲಿ ಇರುವುದೂ ಉಂಟು. ಒಳಮೈಗೆ ಹೋಗಿಬಿಟ್ಟರೆ ಗಾಡಿ ಕೆಳಗೆ ತೂರಿ ನೋಡಬೇಕು. ರಿಮ್ಮಿಗೆ ಏರಿಸುವ ಮೊದಲೇ ಮೊಬೈಲ್ ಟಾರ್ಚ್ ಹಾಕಿ ನಾಲ್ಕೂ ಓದಿಕೊಂಡೆ. ಹುಡುಗ ಒಳಗೊಳಗೇ ನಗುತ್ತಿದ್ದ. ನಗಲಿ.

ಏರಿಸುವಾಗ ಅಂಚಿಗೆ ಬ್ರಷ್ಷಿನಲ್ಲಿ ಸೋಪಿನಂಥ ಪೇಸ್ಟ್ ಬಳಿಯುತ್ತಾರೆ. ಅದು ಒಣಗುವವರೆಗೆ ಜೋರಾಗಿ ಬ್ರೇಕ್ ಹಾಕಿದರೆ, ಎಕ್ಸಿಲರೇಟರ್ ತುಳಿದರೆ ರಿಮ್ಮಿನ ಮೇಲೆ ಟೈರೇ ಒಂದಿಷ್ಟು ಜರುಗಬಹುದು. ಆಗ ಬ್ಯಾಲೆನ್ಸಿಂಗ್ ಮಾಡಿಸಿದ ದುಡ್ಡು ನೀರಿಗೆ. ಇದನ್ನು ಹೇಳಿದ್ದು ಅದೇ ನಗುತ್ತಿದ್ದ ಹುಡುಗ. ಸೀಮೆಸುಣ್ಣ ತಗೊಂಡು ರಿಮ್ಮಿನಿಂದ ಟೈರಿಗೆ ಸೇರಿಸಿ ಒಂದು ಗೆರೆ ಎಳೆದ, ನಾಲ್ಕು ಚಕ್ರಕ್ಕೂ. "ಮನೇಲಿ ನೋಡಿ ಮೇಡಂ, ಗೆರೆ ತುಂಡಾಗಿರಬಾರದು." ಅರವತ್ತು ಕಿಲೋಮೀಟರ್ ಬಂದು ಅಂಗಳದಲ್ಲಿ ಬಗ್ಗಿ ನೋಡಿದೆ. ನಾಲ್ಕೂ ನೇರ. ಮಾರನೇ ದಿನ ತೀರ್ಥಹಳ್ಳಿಯ ಮೆಕ್ಯಾನಿಕ್ ಹತ್ತಿರ ನಟ್ಟುಗಳನ್ನು ಇನ್ನೊಮ್ಮೆ ನೋಡಿಸಿದೆ. ಒಂದು ನಟ್ಟು ಕಾಲು ಸುತ್ತು ತಿರುಗಿತು. ಗಾಳಿ ಮಾತ್ರ ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಸಬೇಕು, ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಎಷ್ಟಿದೆಯೋ ಅಷ್ಟು.

ತಮ್ಮ ಫೋನಿನಲ್ಲಿ ಸಲಹೆ ಕೊಟ್ಟ: "ಡೀಸೆಲ್ ಬಟ್ಟೇಲಿ ಒರೆಸಿಬಿಡು, ಜಾರೋದೆಲ್ಲ ಹೋಗುತ್ತೆ." ದಯವಿಟ್ಟು ಬೇಡ. ಡೀಸೆಲ್, ಪೆಟ್ರೋಲ್ ರಬ್ಬರನ್ನೇ ತಿನ್ನುತ್ತವೆ. ಹೊಳಪಿನ ಪಾಲಿಶನ್ನೂ ರಸ್ತೆಗೆ ತಾಗುವ ಜಾಗಕ್ಕೆ ಹಚ್ಚಬಾರದು. ಅದೇ ತಮ್ಮ ಹೋದ ವರ್ಷ ಎರಡೇ ಟೈರು ತಗೊಂಡು ಎರಡನ್ನೂ ಮುಂದೆ ಹಾಕಿಸಿದ್ದ. ಎಂಜಿನ್ ಮುಂದಿದೆಯಲ್ಲ ಅಂತ. ಹೊಸವು ಹಿಂದೆ ಇರಬೇಕು. ನೀರಲ್ಲಿ ಮುಂದಿನ ಚಕ್ರ ಜಾರಿದರೆ ಕಾಲು ತೆಗೆದು ಸುಧಾರಿಸಬಹುದು. ಹಿಂದಿನದು ಜಾರಿದರೆ ಗಾಡಿಯೇ ಗಿರಗಿಟ್ಟೆ. ಇನ್ನೂ ಒಪ್ಪಿಲ್ಲ ಅವನು.

ಪಳಗುವುದಕ್ಕೆ ಎಷ್ಟು ದೂರ ಬೇಕು? ಸಾಮಾನ್ಯವಾಗಿ ಹೇಳುವುದು 500 ಮೈಲಿ, ಅಂದರೆ 800 ಕಿ.ಮೀ. ಕಡಿಮೆ ಹೇಳುವವರೂ ಇದ್ದಾರೆ. ನನಗೆ ಶಿವಮೊಗ್ಗಕ್ಕೆ ಏಳು ಸಲ ಹೋಗಿ ಬಂದರೆ ಆಯಿತು. ಅಷ್ಟು ದಿನ 60ರ ಆಸುಪಾಸು, ಮುಂದಿನ ಗಾಡಿಯಿಂದ ದುಪ್ಪಟ್ಟು ಅಂತರ, ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ಬ್ರೇಕ್. ಅಲ್ಲಲ್ಲಿ ಅಡಿಕೆ ಸಿಪ್ಪೆ ರಸ್ತೆ ಬದಿಗೆ ಸುರಿದಿರುತ್ತಾರೆ, ಅಲ್ಲಿ ಇನ್ನೂ ನಿಧಾನ. ಒಣ ರಸ್ತೆಯಲ್ಲೇ ಇದೆಲ್ಲ ಮುಗಿದರೆ ಒಳ್ಳೆಯದು. ಮೇ ತಿಂಗಳಿಗೆ ನಾನು ಹಟ ಹಿಡಿದಿದ್ದು ಅದಕ್ಕೆ.

ನಡುವೆ ಹೆಬ್ರಿಯಲ್ಲಿ ಚಿಕ್ಕಮ್ಮನ ಮೊಮ್ಮಗನ ಉಪನಯನ ಬಂತು. ಆಗುಂಬೆ ಘಾಟಿ ಇಳಿಯಬೇಕು, ಹದಿನಾಲ್ಕು ಹಿಮ್ಮುರಿ ತಿರುವು. ಮೀಟರಿನಲ್ಲಿ ಲೆಕ್ಕ ಹಾಕಿದರೆ ಟೈರು ಓಡಿದ್ದು ಇನ್ನೂ 180 ಕಿ.ಮೀ. ಹಿಂದಿನ ರಾತ್ರಿ ಜೋರು ಗುಡುಗು ಬೇರೆ. ಸುಮ್ನೆ ಮಿನಿ ಬಸ್ಸು ಹತ್ತಿದೆ. ಹೊಸ ಟೈರಿನ ಕಾರು ಕೊಟ್ಟಿಗೆಯಲ್ಲಿ, ನಾನು ಕಿಟಕಿ ಪಕ್ಕ ಉಡುಗೊರೆ ಚೀಲ ತೊಡೆ ಮೇಲಿಟ್ಟುಕೊಂಡು. ಊಟದ ಪಂಕ್ತಿಯಲ್ಲಿ ನಮ್ಮನೆಯವರು ಇದನ್ನು ಎಷ್ಟು ಜನಕ್ಕೆ ಹೇಳಿದರೋ ಲೆಕ್ಕವಿಲ್ಲ.

ಮೊನ್ನೆ 812 ಆಯಿತು. ಮೃಗಶಿರದ ಮಳೆ ಸರಿಯಾಗಿ ಹಿಡಿದಿತ್ತು. ಮಂಡಗದ್ದೆ ಹತ್ತಿರ ಅದೇ ತಿರುವು, ಅದೇ ಚರಂಡಿ, ಕೆಂಪು ನೀರು ತುಂಬಿ ಹರಿಯುತ್ತಿತ್ತು. ಟೈರು ಕಚ್ಚಿ ಹಿಡಿದಿತ್ತು, ಸ್ಟೇರಿಂಗಿನಲ್ಲೇ ಗೊತ್ತಾಗುತ್ತಿತ್ತು. ಆದರೂ 40 ದಾಟಿಸಲಿಲ್ಲ. ಹಿಂದಿನವನು ಎರಡು ಸಲ ಹಾರ್ನ್ ಹೊಡೆದ.