ಅರ್ಧ ಇಂಚಿನ ಪೈಪು, ಏಳು ಮೆಗಾಹರ್ಟ್ಸ್

ನನ್ನ ಕೆಲಸ ಯುಪಿಎಸ್ ಸರ್ವಿಸ್. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಮುಂಬೈಗೆ ಬಂದವನು ಆವತ್ತಿನಿಂದ ಒಂದೇ ಫ್ರೀಕ್ವೆನ್ಸಿಯ ಜೊತೆ ಸಂಸಾರ ಮಾಡಿದ್ದೇನೆ: 50 ಹರ್ಟ್ಸ್. ಅಲ್ಲಿ ತಂತಿ ಅಂದ್ರೆ ತಂತಿ. ಈ ತುದಿಗೆ ಕೊಟ್ಟಿದ್ದು ಆ ತುದಿಗೆ ಬರುತ್ತದೆ, ಮುಗೀತು. ಬರಲಿಲ್ಲ ಅಂದ್ರೆ ಎಲ್ಲೋ ಕಟ್ ಆಗಿದೆ ಅಂತ ಅರ್ಥ.

ಈ ನೆಮ್ಮದಿ ಕೆಡಿಸಿದ್ದು ಅವ್ವ. ಧಾರವಾಡದಿಂದ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದ ಮೇಲೆ ಅವಳಿಗೆ ಇಲ್ಲಿಯ ನೀರು ಒಗ್ಗಿತು, ಮಳೆ ಒಗ್ಗಿತು. ಧಾರವಾಡ ಆಕಾಶವಾಣಿ ಸಿಗದೇ ಇದ್ದದ್ದು ಮಾತ್ರ ಒಗ್ಗಲಿಲ್ಲ. ಅಂಕಿ ತೋರಿಸುವ ಒಂದು ಚೀನಾ ರೇಡಿಯೊ ತಂದುಕೊಟ್ಟೆ. ಅದರಲ್ಲಿ 765 ಕಿಲೊಹರ್ಟ್ಸ್ ಹಾಕಿದರೆ ಹಗಲು ಹೊತ್ತು ಏನೂ ಇಲ್ಲ. ಕತ್ತಲಾದ ಮೇಲೆ ಗುಂಯ್ ಅನ್ನುವ ಸದ್ದಿನ ಹಿಂದೆ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು, ಅಷ್ಟೇ.

"ಅಲ್ಲೋ, ಇಷ್ಟು ಓದೀ, ಧಾರವಾಡ ಒಂದು ಹತ್ತಸಾಕ ಬರಂಗಿಲ್ಲೇನು?" ಅಂದಳು.

ಬರಂಗಿಲ್ಲ ಅನ್ನಲು ನಾಚಿಕೆಯಾಯಿತು. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಎಂಜಿನಿಯರಿಂಗ್ ಪುಸ್ತಕಗಳ ರಾಶಿ ಇರುತ್ತದಲ್ಲ, ಅಲ್ಲಿಂದ ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಸರ್ಕ್ಯೂಟ್ ಡಿಸೈನ್ ಕಲಿಯುವ ಹೊಸಬರಿಗೆ ಅಂತ ಬರೆದ ಒಂದು ಪಠ್ಯಪುಸ್ತಕ ತಂದೆ. 150 ರೂಪಾಯಿ. ಮೊದಲು ಓದಿದ ಯಾರೋ ಹುಡುಗ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ. ಸ್ಮಿತ್ ಚಾರ್ಟ್ ಬರುವ ಪುಟಕ್ಕೆ ಗೆರೆಗಳು ನಿಂತುಹೋಗಿದ್ದವು. ಬೆಲ್ ಲ್ಯಾಬ್ಸ್‌ನ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ಆ ಸುತ್ತು ಸುತ್ತಿನ ನಕ್ಷೆ ಕಂಡರೆ ನನಗೂ ಕಣ್ಣು ಮಂಜಾಗುತ್ತದೆ. ಹುಡುಗನನ್ನು ಬೈಯುವ ಹಕ್ಕು ನನಗಿಲ್ಲ.

ಮೊದಲ ಅಧ್ಯಾಯ ಮಾತ್ರ ಲೋಕಲ್ ಟ್ರೇನ್‌ನಲ್ಲಿ ನಿಂತುಕೊಂಡೇ ಎರಡು ಸಲ ಓದಿದೆ. 50 ಹರ್ಟ್ಸ್‌ನ ಒಂದು ಅಲೆಯ ಉದ್ದ 6000 ಕಿಲೋಮೀಟರ್. ಹೆಚ್ಚುಕಡಿಮೆ ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ವಾಪಸ್ ಬಂದಷ್ಟು. ಅಂಥ ಅಲೆಗೆ ನನ್ನ ಎರಡು ಮೀಟರ್ ವೈರ್ ಯಾವ ಲೆಕ್ಕ? ಅದೇ 7 ಮೆಗಾಹರ್ಟ್ಸ್‌ಗೆ ಹೋದರೆ ಅಲೆ ಬರೀ 43 ಮೀಟರ್. ನಮ್ಮ ಬಿಲ್ಡಿಂಗ್ ಗೇಟಿನಿಂದ ರಿಕ್ಷಾ ಸ್ಟ್ಯಾಂಡಿನ ತನಕ. 50 ಹರ್ಟ್ಸ್‌ನಲ್ಲಿ ಕರೆಂಟು ತಾಮ್ರದೊಳಗೆ ಒಂಬತ್ತು ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಒಳಗಿನ ತಾಮ್ರ ಸುಮ್ನೆ ತೂಕಕ್ಕೆ.

ಕೆಪ್ಯಾಸಿಟರ್, ಅಂದ್ರೆ ಚಾರ್ಜ್ ಹಿಡಿದಿಡುವ ಬಿಡಿಭಾಗ, ಅದರ ಕತೆ ಇನ್ನೂ ಮಜಾ. ಅದರ ಕಾಲಿನ ತಂತಿ ಒಂದು ಮಿಲಿಮೀಟರ್‌ಗೆ ಹೆಚ್ಚುಕಡಿಮೆ ಒಂದು ನ್ಯಾನೊಹೆನ್ರಿ ಇಂಡಕ್ಟೆನ್ಸ್, ಅಂದ್ರೆ ಕಾಯಿಲ್‌ನ ಗುಣ, ಕೊಡುತ್ತದೆ. 0.1 ಮೈಕ್ರೊಫ್ಯಾರಡ್ ಡಿಸ್ಕ್ ಕೆಪ್ಯಾಸಿಟರ್‌ಗೆ ಒಂದೊಂದು ಸೆಂಟಿಮೀಟರ್ ಕಾಲು ಬಿಟ್ಟರೆ ಸುಮಾರು ಮೂರೂವರೆ ಮೆಗಾಹರ್ಟ್ಸ್ ದಾಟಿದ ಮೇಲೆ ಅದು ಕೆಪ್ಯಾಸಿಟರ್ ಆಗಿ ಉಳಿಯುವುದೇ ಇಲ್ಲ, ಕಾಯಿಲ್ ಥರ ಆಡುತ್ತದೆ. ನಾನು ಇಷ್ಟು ವರ್ಷ ಸಾವಿರಾರು ಡಿಸ್ಕ್ ಬೆಸುಗೆ ಹಾಕಿದ್ದೇನೆ. ಒಂದರ ಕಾಲನ್ನೂ ಅಳೆದು ಕತ್ತರಿಸಿದವನಲ್ಲ.

ಅವ್ವನಿಗೆ ಬೇಕಿದ್ದದ್ದು 765 ಕಿಲೊಹರ್ಟ್ಸ್. ನಾನು ಹೊರಟಿದ್ದು 7 ಮೆಗಾಹರ್ಟ್ಸ್‌ಗೆ. ಯಾಕೆ ಅಂದ್ರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ಹ್ಯಾಮ್‌ಗಳಿಗೆ ಮೀಸಲಾದ ಒಂದು ಜಾಗ 7.0ರಿಂದ 7.2ರ ನಡುವೆ, ಅದಕ್ಕೊಂದು ರಿಸೀವರ್ ಮಾಡುವ ಆಸೆ ಹತ್ತಿತ್ತು. ಪುಸ್ತಕ ಓದಿದವನ ಬುದ್ಧಿ ಹೀಗೆಯೇ, ಕೇಳಿದ್ದನ್ನು ಬಿಟ್ಟು ಬೇರೆಯದನ್ನು ಮಾಡುತ್ತದೆ. ರಿಸೀವರ್‌ಗೆ ಮೊದಲು ಬೇಕಾದದ್ದು ಆಸಿಲೇಟರ್, ತಾನೇ ಒಂದು ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್. ಆ ಫ್ರೀಕ್ವೆನ್ಸಿ ಎಷ್ಟು ಅಂತ ನಿರ್ಧರಿಸುವುದು ಅದರ ಕಾಯಿಲ್ ಮತ್ತು ಕೆಪ್ಯಾಸಿಟರ್.

2019ರ ಜುಲೈ. ಶನಿವಾರ ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡ್‌ಗೆ ಹೋಗಿ, ಮಳೆಯಲ್ಲಿ ಪ್ಯಾಂಟು ಮಡಚಿಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ಸುತ್ತಿದೆ. ಬಿಎಫ್ 494 ಟ್ರಾನ್ಸಿಸ್ಟರ್ ಸಿಕ್ಕಿತು. 22 ಗೇಜ್ ವೈಂಡಿಂಗ್ ವೈರ್ ಸಿಕ್ಕಿತು. ಬಿಸಿಗೆ ಅಳತೆ ಬದಲಿಸದ ಎನ್‌ಪಿಒ ಕೆಪ್ಯಾಸಿಟರ್ ಕೇಳಿದರೆ ಅಂಗಡಿಯವರು "ಯೇ ಭೀ ವಹೀ ಹೈ" (ಇದೂ ಅದೇ) ಅಂತ ಮಾಮೂಲಿ ಡಿಸ್ಕ್ ಎಣಿಸಿ ಹಾಕಿದರು. ವಹೀ ಆಗಿರಲಿಲ್ಲ ಅಂತ ಮರುದಿನ ಗೊತ್ತಾಯಿತು.

ಕಾಯಿಲ್ ಸುತ್ತಲು ಟೊರಾಯ್ಡ್ ಉಂಗುರ ಎಲ್ಲೂ ಸಿಗಲಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ತಮ್ಮ ಬಿಟ್‌ಎಕ್ಸ್ ಹ್ಯಾಮ್ ಸೆಟ್ಟಿಗೆ ನಲ್ಲಿಯ ವಾಷರ್ ಮೇಲೆ ಕಾಯಿಲ್ ಸುತ್ತಿದವರು. ಅವರು ವಾಷರ್ ಬಳಸಿದರೆ ನಾನು ಪೈಪ್ ಬಳಸುತ್ತೇನೆ ಅಂದುಕೊಂಡು ಮನೆ ಕೆಳಗಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ಸಿಪಿವಿಸಿ ಪೈಪಿನ ತುಂಡು ತಂದೆ. "ರೀ, ಬಾತ್‌ರೂಮಿನ ನಲ್ಲಿ ರಿಪೇರಿ ಮಾಡ್ತೀರಾ?" ಅಂತ ಹೆಂಡತಿ ಖುಷಿಯಿಂದ ಕೇಳಿದಳು. ಆ ಖುಷಿ ಜಾಸ್ತಿ ಹೊತ್ತು ಇರಲಿಲ್ಲ.

ಭಾನುವಾರ ಬೆಳಗ್ಗೆ ಲೆಕ್ಕ ಹಾಕಿದೆ. ಅರ್ಧ ಇಂಚು ದಪ್ಪ, 15 ಸುತ್ತು, ಸುಮಾರು 2 ಮೈಕ್ರೊಹೆನ್ರಿ. ಎರಡು 470 ಪಿಕೊಫ್ಯಾರಡ್ ಕೆಪ್ಯಾಸಿಟರ್ ಸಾಲಾಗಿ (ಸೀರೀಸ್) ಇಟ್ಟರೆ ಅರ್ಧಕ್ಕೆ ಇಳಿದು 235. ಫ್ರೀಕ್ವೆನ್ಸಿ 7.34 ಮೆಗಾಹರ್ಟ್ಸ್. ಸ್ವಲ್ಪ ಕೆಳಗೆ ಇಳಿಸಿಕೊಂಡರಾಯಿತು. ಬೆಸುಗೆ ಬೇಡದ ತೂತಿನ ಹಲಗೆ, ಬ್ರೆಡ್‌ಬೋರ್ಡ್ ಮೇಲೆ ಎಲ್ಲ ಚುಚ್ಚಿ, 9 ವೋಲ್ಟ್ ಬ್ಯಾಟರಿ ಕೊಟ್ಟು, ಅವ್ವನ ರೇಡಿಯೊ ಎರವಲು ತಂದೆ.

ಹುಡುಕುವ ರೀತಿ ವಿಚಿತ್ರ. ಬರೀ ಆಸಿಲೇಟರ್‌ಗೆ ಮಾತಿಲ್ಲ, ಹಾಡಿಲ್ಲ. ಮಾಮೂಲಿ ರೇಡಿಯೊ ಅದರ ಮೇಲೆ ಬಂದು ಕೂತಾಗ ಸುರ್ ಅನ್ನುವ ಸದ್ದು ಥಟ್ಟನೆ ಅಡಗುತ್ತದೆ. ಸದ್ದು ಎಲ್ಲಿ ನಿಂತಿತೋ ಅಲ್ಲಿ ನಾನು. 7.34ರಲ್ಲಿ ಸುರ್. 7.2ರಲ್ಲಿ ಸುರ್. ಏಳು, ಆರೂವರೆ, ಆರು, ಎಲ್ಲ ಕಡೆ ಸುರ್. ಟ್ರಾನ್ಸಿಸ್ಟರ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. "ರೇಡಿಯೊ ಯಾವಾಗ ಕೊಡ್ತೀ?" ಅಂತ ಅವ್ವ ಎರಡು ಸಲ ಬಂದು ಹೋದಳು. ಊಟದ ಹೊತ್ತಿಗೆ 5.56ರಲ್ಲಿ ಸದ್ದು ಅಡಗಿತು. ಬ್ಯಾಟರಿ ಕಿತ್ತರೆ ಸುರ್, ಹಾಕಿದರೆ ಮೌನ. ನನ್ನದೇ!

ಆದರೆ 7.34 ಎಲ್ಲಿ, 5.56 ಎಲ್ಲಿ? ಪುಸ್ತಕದ ಸೂತ್ರ ತಪ್ಪಾ ಅಂತ ಒಂದು ಗಳಿಗೆ ಅನ್ನಿಸಿತು. ಸ್ಕೇಲ್ ಹಿಡಿದು ಪೈಪ್ ಅಳೆದೆ. 16 ಮಿಲಿಮೀಟರ್. ಅರ್ಧ ಇಂಚಿಗೆ ಹನ್ನೆರಡೂವರೆ ಆಗಬೇಕಿತ್ತು. ಅರ್ಧ ಇಂಚಿನ ಪೈಪ್ ಹೊರಗಿನಿಂದ ಅರ್ಧ ಇಂಚು ಇರುವುದಿಲ್ಲ. ಇದು ಡೊಂಬಿವಲಿಯ ಪ್ರತಿ ಪ್ಲಂಬರ್‌ಗೂ ಗೊತ್ತು, ಡಿಪ್ಲೊಮಾ ಆದ ನನಗೆ ಗೊತ್ತಿಲ್ಲ. ದಪ್ಪ ಸರಿಮಾಡಿ ಲೆಕ್ಕ ಹಾಕಿದರೆ ಕಾಯಿಲ್ 3 ಮೈಕ್ರೊಹೆನ್ರಿ, ಫ್ರೀಕ್ವೆನ್ಸಿ 6.0.

ಪೈಪಿನ ಪಾಲು ಅಷ್ಟೇ. ಉಳಿದ ಅರ್ಧ ಮೆಗಾಹರ್ಟ್ಸ್ ಎಲ್ಲಿ ಹೋಯಿತು? ಅದು ಬ್ರೆಡ್‌ಬೋರ್ಡ್ ತಿಂದಿದ್ದು. ಅದರೊಳಗಿನ ಒಂದು ಸಾಲಿನ ಪಟ್ಟಿಗೂ ಪಕ್ಕದ ಪಟ್ಟಿಗೂ ನಡುವೆ ಕೆಲವು ಪಿಕೊಫ್ಯಾರಡ್ ಇದ್ದೇ ಇರುತ್ತದೆ, ನಾವು ಹಾಕದಿದ್ದರೂ. ಅಂದಕ್ಕೆಂದು ಬಾಗಿಸಿ ಹಾಕಿದ್ದ ನನ್ನ ಉದ್ದ ತಂತಿಗಳು ಕಾಯಿಲ್‌ಗೆ ಇನ್ನಷ್ಟು ಸೇರಿಸಿದ್ದವು. ಸರ್ಕ್ಯೂಟ್ ಚಿತ್ರದಲ್ಲಿ ಇವು ಯಾವುವೂ ಇಲ್ಲ. ಪುಸ್ತಕದ ಮೊದಲ ಅಧ್ಯಾಯದಲ್ಲಿ ಎಲ್ಲವೂ ಇವೆ. ಎರಡು ಸಲ ಓದಿದ್ದೆ ಅಂದೆನಲ್ಲ.

ಮಧ್ಯಾಹ್ನ ಬ್ರೆಡ್‌ಬೋರ್ಡ್ ಎತ್ತಿಟ್ಟೆ. ತಾಮ್ರದ ಹೊದಿಕೆಯ ಪಿಸಿಬಿ ಹಾಳೆಯ ತುಂಡನ್ನೇ ನೆಲ ಮಾಡಿಕೊಂಡು, ಗ್ರೌಂಡ್‌ಗೆ ಹೋಗುವುದನ್ನೆಲ್ಲ ನೇರ ಅದಕ್ಕೇ ಬೆಸುಗೆ ಹಾಕಿದೆ. ಕೆಪ್ಯಾಸಿಟರ್ ಕಾಲುಗಳನ್ನು ಬುಡಕ್ಕೇ ಕತ್ತರಿಸಿದೆ. ಕಾಯಿಲ್ 12 ಸುತ್ತು. ನೋಡಲು ಕಾಗೆ ಗೂಡು. ಸರ್ವಿಸ್‌ನಲ್ಲಿ ಯಾವ ಹುಡುಗ ಇಂಥ ಕೆಲಸ ಮಾಡಿದ್ದರೂ ಬೈದು ಕಳಿಸುತ್ತಿದ್ದೆ. ಆದರೆ ಮೊದಲ ಸಲಕ್ಕೇ 6.87ರಲ್ಲಿ ಸದ್ದು ಅಡಗಿತು. ಉಗುರಿನಿಂದ ಸುತ್ತುಗಳನ್ನು ಕೊಂಚ ಬಿಡಿಸಿದೆ, ಮೇಲೇರಿತು. ಜಾಸ್ತಿ ಬಿಡಿಸಿದ್ದಕ್ಕೆ 7.2 ದಾಟಿ ಯಾವುದೋ ವಿದೇಶಿ ಸ್ಟೇಷನ್ ಪಕ್ಕ ಹೋಗಿ ಕೂತು ಜೋರಾಗಿ ಸಿಳ್ಳೆ ಹೊಡೆಯಿತು.

ಆ ಸಿಳ್ಳೆಯಿಂದ ಕಲಿತಷ್ಟು ನಾನು ಯಾವ ಪುಟದಿಂದಲೂ ಕಲಿತಿಲ್ಲ. ಕೈ ಹತ್ತಿರ ತಂದರೆ ಸ್ವರ ಬದಲು. ಕುರ್ಚಿ ಹಿಂದೆ ಸರಿಸಿದರೆ ಬದಲು. ಮುಟ್ಟಿಲ್ಲ, ಬರೀ ಹತ್ತಿರ ಇದ್ದೇನೆ, ಅಷ್ಟಕ್ಕೇ ನಾನೂ ಒಂದು ಕೆಪ್ಯಾಸಿಟರ್ ಆಗಿ ಸರ್ಕ್ಯೂಟ್ ಒಳಗೆ ಸೇರಿಕೊಂಡಿದ್ದೆ. ಫ್ಯಾನ್ ಹಾಕಿದರೆ ನಿಧಾನವಾಗಿ ಸ್ವರ ಜಾರುತ್ತಿತ್ತು. ಅದು ಆ 'ವಹೀ' ಡಿಸ್ಕ್‌ಗಳ ಪ್ರತಾಪ, ತಣ್ಣಗಾದ ಹಾಗೆ ಅಳತೆ ಬದಲಿಸುತ್ತಿದ್ದವು.

"ಯಾರ ಸಿಳ್ಳಿ ಹೊಡ್ಯಾಕತ್ತಾರ?" ಅವ್ವ ಅಡುಗೆಮನೆಯಿಂದ ಕೇಳಿದಳು.

"ನಾನವ್ವಾ."

"ನಲವತ್ತು ದಾಟ್ಯಾವು, ಬುದ್ಧಿ ಬ್ಯಾಡೇನು?"

ಸುತ್ತು ಮತ್ತೆ ಒತ್ತಿ 7.05ಕ್ಕೆ ತಂದು ನಿಲ್ಲಿಸಿದಾಗ ಹೊರಗೆ ಕತ್ತಲಾಗಿತ್ತು. ಮಳೆ ಜೋರು. ಅಷ್ಟರಲ್ಲಿ ಇಡೀ ಏರಿಯಾದ ಕರೆಂಟ್ ಹೋಯಿತು.

ಕತ್ತಲಿಗಿಂತ ಮೊದಲು ಗಮನಕ್ಕೆ ಬಂದದ್ದು ರೇಡಿಯೊ. ಆ ಸುರ್ ಎಲ್ಲಾ ಕಡೆ ಅರ್ಧಕ್ಕಿಂತ ಕಡಿಮೆ ಆಗಿತ್ತು. ನಾನು ಆಕಾಶದ್ದು ಅಂದುಕೊಂಡಿದ್ದ ಸದ್ದು ನಮ್ಮ ಎಲ್‌ಇಡಿ ಬಲ್ಬ್, ಚಾರ್ಜರ್, ಬಿಲ್ಡಿಂಗ್ ಲಿಫ್ಟ್‌ಗಳದ್ದು. ಅವುಗಳೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೊಡುವ ಸರ್ಕ್ಯೂಟ್ ಇರುತ್ತದೆ. ಯುಪಿಎಸ್‌ನಲ್ಲೂ ಅದೇ. ಅಂದ್ರೆ ಇಷ್ಟು ವರ್ಷ ಊರಿನ ರೇಡಿಯೊ ಕೆಡಿಸುವ ಯಂತ್ರಗಳನ್ನೇ ನಾನು ರಿಪೇರಿ ಮಾಡಿಕೊಂಡು ಬಂದಿದ್ದೆ!

ರೇಡಿಯೊ ಅವ್ವನ ಕೈಗೆ ಕೊಟ್ಟೆ. 765 ಹಾಕಿದಳು. ಕನ್ನಡ. ಸ್ಪಷ್ಟ ಅನ್ನಲಾರೆ, ಅಲೆ ಬಂದ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ಆದರೆ ಪ್ರತಿ ಮಾತೂ ಗೊತ್ತಾಗುತ್ತಿತ್ತು. ಅವ್ವ ಕಿಟಕಿ ಪಕ್ಕ ಕೂತಳು. ನಾವು ಮೇಣದಬತ್ತಿ ಹುಡುಕಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ಗುಂಯ್ ಕೂಡ ಬಂತು. ಎದ್ದು ನಮ್ಮ ಮನೆಯ ದೀಪ ಎಲ್ಲ ಆರಿಸಿದೆ. ಸ್ವಲ್ಪ ಇಳಿಯಿತು, ಹೋಗಲಿಲ್ಲ. ಪಕ್ಕದ ಮನೆಯವರ ದೀಪ ಆರಿಸಲು ಆಗುತ್ತಾ? ಫಿಲ್ಟರ್ ಮಾಡಬೇಕು, ಹೊರಗೆ ಆಂಟೆನಾ ಹಾಕಬೇಕು ಅಂತೆಲ್ಲ ಶುರು ಮಾಡಿದೆ. ಅವ್ವ ನನ್ನ ಮಾತು ಕೇಳುತ್ತಿರಲಿಲ್ಲ. ರೇಡಿಯೊವನ್ನು ಮೊರದಲ್ಲಿ ಅಕ್ಕಿ ಆಡಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು, ಆಮೇಲೆ ಒಂದಿಷ್ಟು ಓರೆ ಮಾಡಿದಳು. ಗುಂಯ್ ಮಾಯ. ಧಾರವಾಡ ಹಾಗೇ ಉಳಿಯಿತು.

ರೇಡಿಯೊದೊಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಸದ್ದಿನ ಕಡೆಗೆ ತಿರುಗಿದರೆ ಅದು ಆ ಸದ್ದನ್ನು ಹಿಡಿಯುವುದಿಲ್ಲ. ಇದನ್ನು ನಾನು ಆಮೇಲೆ ಓದಿಕೊಂಡೆ.

"ನಿನಗ ಯಾರು ಹೇಳಿಕೊಟ್ರವ್ವಾ?"

"ಇದಕ್ಕೇನು ಹೇಳಿಕೊಡ್ತಾರೋ? ನಿಮ್ಮಪ್ಪನ ರೇಡಿಯೊನೂ ಹಿಂಗ ಇತ್ತು. ಸುಮ್ನ ಕೂಡು, ಕೇಳಸಲಿ."