ವಿಚೆನ್ಸಾದಲ್ಲಿ ಎರಡು ದಿನ

ಕೊನೆಗೂ ಇವತ್ತು ಟಿಕೆಟ್ ಬುಕ್ ಮಾಡಿದೆ. ಇಟಲಿಗೆ. ವೆನಿಸ್ ಅಲ್ಲ, ಅಲ್ಲಿಂದ ರೈಲಲ್ಲಿ ಮುಕ್ಕಾಲು ಗಂಟೆ, ವಿಚೆನ್ಸಾ.

"ಅಲ್ಲೇನಿದೆಯೋ?" ಅಂದ್ರು ಅಮ್ಮ ಫೋನಲ್ಲಿ.

ತೆಯಾತ್ರೊ ಒಲಿಂಪಿಕೊ ಅಂತ ಒಂದು ನಾಟಕದ ಮನೆ ಇದೆ ಅಮ್ಮ, ಅಂದೆ.

ಅದನ್ನ ಕಟ್ಟೋಕೆ ಶುರು ಮಾಡಿದ ವಾಸ್ತುಶಿಲ್ಪಿ ಪಲ್ಲಾಡಿಯೊ 1580ರಲ್ಲೇ ತೀರಿಹೋದ. ಮೊದಲ ನಾಟಕ 1585ರಲ್ಲಿ, ಗ್ರೀಕರ ಈಡಿಪಸ್. ಅದಕ್ಕಂತ ಸ್ಕಮೊಜ್ಜಿ ಅನ್ನೋ ಇನ್ನೊಬ್ಬ ವಾಸ್ತುಶಿಲ್ಪಿ ಮರ, ಗಾರೆಯಲ್ಲಿ ಆ ಕಥೆ ನಡೆಯೋ ಥೀಬ್ಸ್ ಊರಿನ ಬೀದಿಗಳನ್ನೇ ಮಾಡಿಟ್ಟ. ಹಿಂದೆ ಹೋದಂತೆ ನೆಲ ಏರುತ್ತೆ, ಮನೆಗಳು ಕುಳ್ಳಗಾಗುತ್ತವೆ. ಕಣ್ಣಿಗೆ ಉದ್ದೋ ಉದ್ದ ಬೀದಿ, ಅಳೆದರೆ ಕೆಲವೇ ಮೀಟರ್.

ನಮ್ಮೂರಲ್ಲಿ ನಾಟಕ ಮುಗಿದ ಬೆಳಿಗ್ಗೆ ಸೀನು ಬಿಚ್ಚಿ ಲಾರಿಗೆ ಹೇರೋರು. ಚಿಕ್ಕವನಿದ್ದಾಗ ಅದನ್ನ ನೋಡೋಕೇ ಆಗ್ತಿರಲಿಲ್ಲ.

ಅಲ್ಲಿ ಬಿಚ್ಚಲೇ ಇಲ್ಲ. 440 ವರ್ಷ ಆಯ್ತು, ಆ ಬೀದಿಗಳು ಹಾಗೇ ನಿಂತಿವೆ.

ಸೋಮವಾರ ರಜೆಯಂತೆ. ಶನಿವಾರ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಡ್ತೀನಿ.